ಊರಿನ ಬಾಯಿ, ಕೋರ್ಟಿನ ಕಾಗದ

ಮಂಗಳೂರು, ಉಡುಪಿ ಕಡೆ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ನಡೆಯುವ ವಿಚಾರಣೆ ಹೆಚ್ಚಾಗಿ ಒಂದೇ ಫೋನಿನಲ್ಲಿ ಮುಗಿಯುತ್ತದೆ. ಗುರ್ತದ ಪೊಲೀಸರಿಗೋ, ಆ ಹುಡುಗನ ವಾರ್ಡಿನ ಪಂಚಾಯತ್ ಸದಸ್ಯರಿಗೋ ಫೋನ್ ಮಾಡಿ, “ಅವನ ಮೇಲೆ ಏನಾದರೂ ಉಂಟಾ?” ಎಂದು ಕೇಳುವುದು. “ಒಂದು ಕೇಸು ಉಂಟು” ಎಂದು ಉತ್ತರ ಬಂತೋ, ಹುಡುಗನಿಗೆ “ಆಮೇಲೆ ತಿಳಿಸುತ್ತೇವೆ” ಎಂದು ಹೇಳಿ ಕಳುಹಿಸುತ್ತಾರೆ. ಯಾವ ಕೇಸು, ಯಾವ ವರ್ಷದ್ದು, ಏನಾಗಿ ಮುಗಿಯಿತು, ಈಗ ಕೊಡುವ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರು ಬಹಳ ಕಡಿಮೆ.

ಊರು ಚಿಕ್ಕದು, ಬಾಯಿ ದೊಡ್ಡದು. ಬಂಧನದ ದಿನ ತೆಗೆದ ಫೋಟೋ ಸಂಜೆಯೊಳಗೆ ಉಳ್ಳಾಲದಿಂದ ಕುಂದಾಪುರದವರೆಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿರುತ್ತದೆ. ನಾಲ್ಕೈದು ವರ್ಷ ಕೋರ್ಟಿಗೆ ಅಲೆದು ಅದೇ ಮನುಷ್ಯ ಖುಲಾಸೆಯಾದ ದಿನ ಆ ಗುಂಪುಗಳಲ್ಲಿ ಒಂದು ಸಾಲೂ ಬರುವುದಿಲ್ಲ. ಹಾಗಾಗಿ ಊರಿನ ನೆನಪಿನಲ್ಲಿ ಉಳಿಯುವುದು ಕಥೆಯ ಮೊದಲ ಪುಟ ಮಾತ್ರ. ಆ ಒಂದು ಪುಟದ ಮೇಲೆ ಮನುಷ್ಯನನ್ನು ತೂಗುವುದು ಅನ್ಯಾಯ. ಸಂಸ್ಥೆಗೂ ಅದರಿಂದ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ನಿಜವಾಗಿ ಜಾಗ್ರತೆ ಬೇಕಾದ ವಿಷಯಗಳು ಇಂಥ ಫೋನಿನಲ್ಲಿ ಹೊರಬರುವುದೇ ಇಲ್ಲ. ಕೇಸು ಇದ್ದವರನ್ನು ಸಂಬಳದ ಕೆಲಸಕ್ಕೋ ಸ್ವಯಂಸೇವೆಗೋ ತೆಗೆದುಕೊಳ್ಳುವವರು ಊರಿನ ಬಾಯಿಯನ್ನು ಬದಿಗಿಟ್ಟು ಕಾಗದ ಓದಲು ಕಲಿಯಬೇಕು. ಓದಿದ್ದನ್ನು ಕೆಲಸದ ಎದುರಿಗೆ ಇಟ್ಟು ನೋಡಲೂ ಕಲಿಯಬೇಕು.

‘ಕೇಸು ಉಂಟು’ ಎಂದರೆ ಏನು

ಎಫ್‌ಐಆರ್ ಎಂಬುದು ದೂರು ದಾಖಲಾಗಿದೆ ಎನ್ನುವುದಕ್ಕೆ ಇರುವ ಕಾಗದ, ಅಷ್ಟೇ. ತನಿಖೆಯಲ್ಲಿ ಹುರುಳಿಲ್ಲ ಎಂದು ಕಂಡರೆ ಪೊಲೀಸರೇ ಬಿ ರಿಪೋರ್ಟ್ ಹಾಕುತ್ತಾರೆ. ಹುರುಳಿದ್ದರೆ ಚಾರ್ಜ್‌ಶೀಟ್. ಅದರ ಮುಂದೆ ದಾರಿ ಹಲವು: ವಿಚಾರಣೆಗೆ ಮುಂಚೆಯೇ ಆರೋಪದಿಂದ ಕೈಬಿಡುವುದು, ದೂರುದಾರರೊಂದಿಗೆ ರಾಜಿ, ಹೈಕೋರ್ಟಿನಲ್ಲಿ ಪ್ರಕರಣ ರದ್ದು, ಖುಲಾಸೆ, ಕೊನೆಗೆ ಶಿಕ್ಷೆ. ಶಿಕ್ಷೆ ಎಂದರೂ ಜೈಲೇ ಆಗಬೇಕಿಲ್ಲ. ಬರೀ ದಂಡ ಕಟ್ಟಿ ಮುಗಿದದ್ದು ಇರಬಹುದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3ನೇ ಅಥವಾ 4ನೇ ಸೆಕ್ಷನ್ ಪ್ರಕಾರ ಎಚ್ಚರಿಕೆ ಹೇಳಿಯೋ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಕೋರ್ಟು ಬಿಟ್ಟಿರಬಹುದು. ಹಾಗೆ ಬಿಟ್ಟವರಿಗೆ, ಬೇರೆ ಕಾನೂನುಗಳಲ್ಲಿ ಶಿಕ್ಷೆಯ ಜೊತೆ ಅಂಟಿಕೊಂಡು ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಈ ಒಂದು ಸೆಕ್ಷನ್ ಗೊತ್ತಿಲ್ಲದೆ ಎಷ್ಟೋ ಅರ್ಜಿಗಳು ಕಸದ ಬುಟ್ಟಿಗೆ ಹೋಗುತ್ತವೆ.

ನಮ್ಮ ಕಡೆಯ ‘ಕೇಸು’ಗಳ ಬಗೆಯನ್ನು ನೋಡಿ. ಗದ್ದೆಯಲ್ಲಿ ಕೋಳಿ ಅಂಕ, ಅಂದರೆ ಪಂದ್ಯ ಕಟ್ಟುವ ಕೋಳಿ ಕಾಳಗ, ನೋಡುತ್ತಿದ್ದಾಗ ದಾಳಿಯಾಗಿ ಸಿಕ್ಕಿಬಿದ್ದದ್ದು, ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಸೆಕ್ಷನ್. ಹೊಳೆಯ ಮರಳು ಸಾಗಿಸುವಾಗ ಲಾರಿ ಹಿಡಿದು ಚಾಲಕನ ಮೇಲೆ ಹಾಕಿದ ಕಳ್ಳತನದ ಸೆಕ್ಷನ್. ಹೆದ್ದಾರಿಯಲ್ಲಿ ಅಪಘಾತ ಮಾಡಿದ ಟೆಂಪೋ ಚಾಲಕನ ಮೇಲಿನ ನಿರ್ಲಕ್ಷ್ಯದ ಚಾಲನೆ. ಸಾಲ ತೀರಿಸಲಾಗದೆ ಚೆಕ್ ಬೌನ್ಸ್ ಆದದ್ದು. ಕಾಲೇಜಿನ ಹತ್ತಿರ ಗಾಂಜಾ ಸೇದಿ ವೈದ್ಯಕೀಯ ಪರೀಕ್ಷೆಯಲ್ಲಿ ಸಿಕ್ಕಿದ್ದು. ಎರಡು ಗುಂಪುಗಳ ಗಲಾಟೆಯಲ್ಲಿ ‘ಮತ್ತು ಇತರರು’ ಎಂದು ಬರೆದ ಎಫ್‌ಐಆರ್‌ಗೆ ಆಮೇಲೆ ಸೇರಿದ ಹೆಸರು. ಇವುಗಳ ಸಾಲಿನಲ್ಲೇ ಚೂರಿ ಇರಿತ, ಸುಲಿಗೆ, ಮಕ್ಕಳ ಮೇಲಿನ ದೌರ್ಜನ್ಯವೂ ಇರಬಹುದು. ಎಲ್ಲಕ್ಕೂ ಊರು ಕೊಡುವ ಹೆಸರು ಒಂದೇ, ‘ಕೇಸು’.

ರೌಡಿ ಶೀಟ್ ಎಂಬುದು ಠಾಣೆಯವರು ನಿಗಾ ಇಡಲು ತೆರೆಯುವ ಹಾಳೆ, ನ್ಯಾಯಾಲಯದ ತೀರ್ಪಲ್ಲ. ಶಾಂತಿ ಕಾಪಾಡುತ್ತೇನೆಂದು ಬರೆಸಿಕೊಳ್ಳುವ ಮುಚ್ಚಳಿಕೆಯೂ ತೀರ್ಪಲ್ಲ. ಗಡಿಪಾರು ಆದೇಶದ ವಿಷಯ ಮಾತ್ರ ಬೇರೆ. ಅದು ಜಾರಿಯಲ್ಲಿದ್ದರೆ ಆ ವ್ಯಕ್ತಿ ಜಿಲ್ಲೆಯೊಳಗೆ ಇರುವಂತೆಯೇ ಇಲ್ಲ, ಆದ್ದರಿಂದ ಆದೇಶದ ಕೊನೆಯ ದಿನಾಂಕ ಕೇಳಿ ತಿಳಿದುಕೊಳ್ಳಬೇಕು.

ಇನ್ನು ‘ಜೈಲಿಗೆ ಹೋಗಿ ಬಂದವ’ ಎಂಬ ಮಾತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು, ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ 75.8 ಮಂದಿ. ಕೊಡಿಯಾಲಬೈಲಿನ ಜೈಲಿನಿಂದಲೋ ಹಿರಿಯಡ್ಕದ ಜೈಲಿನಿಂದಲೋ ಜಾಮೀನಿನಲ್ಲಿ ಹೊರಬಂದ ಹೆಚ್ಚಿನವರ ಮೇಲಿನ ಆರೋಪ ಆ ಹೊತ್ತಿಗೆ ಸಾಬೀತಾಗಿರುವುದಿಲ್ಲ. ಆದರೆ ಅಷ್ಟರಲ್ಲೇ ಅವರ ಕೆಲಸ ಹೋಗಿರುತ್ತದೆ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಊರಲ್ಲಿ ದಾರಿ ಕಾಣದಿದ್ದರೆ ಗಲ್ಫಿಗೆ ಹೋಗುವುದು ಇಲ್ಲಿನ ಹಳೆಯ ರೂಢಿ. ಕ್ರಿಮಿನಲ್ ಪ್ರಕರಣ ಕೋರ್ಟಿನಲ್ಲಿ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ನಿರಾಕರಿಸಬಹುದು, ಕೋರ್ಟಿನ ಅನುಮತಿ ತಂದರೆ ಮಾತ್ರ ದಾರಿ ತೆರೆಯುತ್ತದೆ. ಹೀಗೆ ಹೊರಗಿನ ಬಾಗಿಲು ಮುಚ್ಚಿದವರೇ ಊರಿನ ಕೆಲಸ ಹುಡುಕಿಕೊಂಡು ಬರುತ್ತಾರೆ. ಅವರಲ್ಲಿ ಒಳ್ಳೆಯ ಕೈಕೆಲಸ ಗೊತ್ತಿರುವ ವೆಲ್ಡರುಗಳು, ಅಡುಗೆಯವರು, ಎಸಿ ಮೆಕ್ಯಾನಿಕ್‌ಗಳು ಇರುತ್ತಾರೆ.

ಕೆಲಸದಿಂದ ಶುರು ಮಾಡಿ

ಅರ್ಜಿ ಕರೆಯುವ ಮೊದಲೇ ಒಂದು ಹಾಳೆಯಲ್ಲಿ ಆ ಕೆಲಸದ ಬಗ್ಗೆ ಐದು ವಿಷಯ ಬರೆದಿಟ್ಟುಕೊಳ್ಳಿ. ನಗದು ಮುಟ್ಟುವ ಕೆಲಸವೇ, ಮುಟ್ಟಿದರೆ ದಿನಕ್ಕೆ ಎಷ್ಟು? ಕೀಲಿಕೈ ಇವರ ಬಳಿ ಇರುತ್ತದೆಯೇ? ಮಕ್ಕಳು, ಹಾಸಿಗೆ ಹಿಡಿದ ವೃದ್ಧರು, ಅಂಗವಿಕಲರ ಜೊತೆ ಒಂಟಿಯಾಗಿ ಇರುವ ಹೊತ್ತು ಉಂಟೇ? ವಾಹನ ಓಡಿಸಬೇಕೇ? ಗ್ರಾಹಕರ ಮನೆಯೊಳಗೆ ಹೋಗಬೇಕೇ? ಈ ಹಾಳೆ ಅರ್ಜಿದಾರರ ಮುಖ ನೋಡುವ ಮೊದಲೇ ಸಿದ್ಧವಾಗಿರಬೇಕು. ಮುಖ ನೋಡಿದ ಮೇಲೆ ಬರೆದರೆ ಬೇಕಾದವರಿಗೆ ಸಡಿಲ, ಬೇಡದವರಿಗೆ ಬಿಗಿ ಆಗುತ್ತದೆ.

ಒಂದು ಕೇಟರಿಂಗ್ ಘಟಕವನ್ನು ತೆಗೆದುಕೊಳ್ಳೋಣ. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ, ಬಡಿಸುವ ಕೆಲಸದಲ್ಲಿ ಐದರಲ್ಲಿ ಒಂದೂ ಇಲ್ಲ. ಅಲ್ಲಿ ಹಳೆಯ ಕಳ್ಳತನದ ಶಿಕ್ಷೆ ಇದ್ದವರನ್ನು ಬೇಡವೆನ್ನಲು ಕಾರಣವೇ ಸಿಗುವುದಿಲ್ಲ. ಮದುವೆ ಮನೆಯಿಂದ ಬಾಕಿ ಹಣ ತರುವ ಸೂಪರ್‌ವೈಸರ್ ಕೆಲಸಕ್ಕೆ ಎರಡು ವರ್ಷದ ಹಿಂದಿನ ವಂಚನೆಯ ಶಿಕ್ಷೆ ಮುಖ್ಯವಾಗುತ್ತದೆ. ಅದೇ ಕೆಲಸಕ್ಕೆ ಕೋಳಿ ಅಂಕದ ದಂಡ ಮುಖ್ಯವಲ್ಲ. ಸಾಮಾನು ಸಾಗಿಸುವ ಪಿಕಪ್ ಓಡಿಸಲು ಬರುವವರಲ್ಲಿ ಕುಡಿದು ಓಡಿಸಿದ ಪ್ರಕರಣ ಇದೆಯೇ ಎಂದು ನೋಡಲೇಬೇಕು, ಚೆಕ್ ಬೌನ್ಸ್ ಪ್ರಕರಣ ಅಲ್ಲಿ ಲೆಕ್ಕಕ್ಕಿಲ್ಲ.

ಕೆಲವು ಬಾಗಿಲುಗಳನ್ನು ಕಾನೂನೇ ಮುಚ್ಚಿದೆ, ಅವುಗಳನ್ನು ಮೊದಲೇ ತಿಳಿದಿದ್ದರೆ ಸುಮ್ಮನೆ ಆಸೆ ಹುಟ್ಟಿಸುವುದು ತಪ್ಪುತ್ತದೆ. ನೈತಿಕ ಅಧಃಪತನದ (ವಂಚನೆಯಂಥ) ಅಪರಾಧಕ್ಕೆ ಶಿಕ್ಷೆಯಾದವರನ್ನು ಬ್ಯಾಂಕು ನೇಮಿಸಿಕೊಳ್ಳುವಂತಿಲ್ಲ, 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 10ನೇ ಸೆಕ್ಷನ್. ಇಷ್ಟೊಂದು ಬ್ಯಾಂಕುಗಳು ಹುಟ್ಟಿದ ನಮ್ಮ ಜಿಲ್ಲೆಗಳಲ್ಲಿ ಈ ನಿಯಮದ ನೆರಳು ಬೇರೆ ಕಚೇರಿಗಳ ಮೇಲೂ ಬಿದ್ದು, ಯಾವ ನಿರ್ಬಂಧವೂ ಇಲ್ಲದ ಕೆಲಸಗಳಿಗೂ ಅದೇ ಅಳತೆ ಹಿಡಿಯುವುದುಂಟು. ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಂತೆ ಪೂರ್ವಾಪರ ಪರಿಶೀಲನೆ ಬೇಕು. ವಿಮಾನ ನಿಲ್ದಾಣದ ಒಳಗಿನ ಪಾಸಿಗೂ ಪೊಲೀಸ್ ಪರಿಶೀಲನೆ ಆಗುತ್ತದೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾದವರು ಶಿಕ್ಷೆ ಮುಗಿದು ಐದು ವರ್ಷದವರೆಗೆ ಕಂಪನಿಯ ನಿರ್ದೇಶಕರಾಗುವಂತಿಲ್ಲ. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸೇವಾ ಸಂಸ್ಥೆಗಳಿಗೂ ಇದು ಅನ್ವಯ.

ಮಕ್ಕಳ ವಿಷಯಕ್ಕೆ ಬಂದರೆ ಚೌಕಾಸಿ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 2020ರ ನಿಯಮಗಳು ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳಂಥ ಕಡೆ ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಗೆ, ಗುತ್ತಿಗೆಯವರಾದರೂ, ಆಗಾಗ ಪೊಲೀಸ್ ಪರಿಶೀಲನೆ ಮಾಡಿಸಬೇಕೆಂದು ಹೇಳುತ್ತವೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಿಂದ ಇದೆ, ಆದರೆ ಅದು ಪೊಲೀಸರಂಥ ಕಾನೂನು ಜಾರಿ ಸಂಸ್ಥೆಗಳಿಗೆ ಮಾತ್ರ ತೆರೆಯುತ್ತದೆ. ಹಾಗಾಗಿ ಇಂಥ ಹುದ್ದೆಗೆ ಠಾಣೆಯ ಮೂಲಕ ಬರುವ ಲಿಖಿತ ವರದಿಯೇ ದಾರಿ, ಗುರ್ತದವರ ಫೋನು ಅದಕ್ಕೆ ಬದಲಿಯಲ್ಲ.

ಕಾಗದ ಓದುವುದು

ಕೋರ್ಟಿನ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ ಅಂಕಿಗಳ ಗುರುತು ಇರುತ್ತದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಹಾಕಿದರೆ ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ದಿನಾಂಕ ಯಾವುದು, ಹೇಗೆ ವಿಲೇವಾರಿಯಾಯಿತು ಎಂಬುದೆಲ್ಲ ಕಾಸು ಖರ್ಚಿಲ್ಲದೆ ಸಿಗುತ್ತದೆ. ಸಿಎನ್‌ಆರ್ ಅನ್ನು ಅಭ್ಯರ್ಥಿಯಿಂದಲೇ ಕೇಳಿ ಪಡೆಯುವುದು ಒಳ್ಳೆಯದು. ಹೆಸರು ಹಾಕಿ ಹುಡುಕುವ ದಾರಿಯೂ ಉಂಟು, ನಮ್ಮ ಕಡೆ ಅದು ತುಂಬ ಅಪಾಯದ ದಾರಿ. ಒಂದೇ ಹೆಸರಿನ ಶೆಟ್ಟಿ, ಡಿಸೋಜ, ಮಹಮ್ಮದ್‌ಗಳು ಒಂದೊಂದು ತಾಲೂಕಿನಲ್ಲಿ ನೂರಾರು. ಪೂಜಾರಿ ಎಂಬುದನ್ನು ಇಂಗ್ಲಿಷಿನಲ್ಲಿ ‘ವೈ’ ಹಾಕಿ ಮುಗಿಸುವವರೂ ‘ಐ’ ಹಾಕಿ ಮುಗಿಸುವವರೂ ಇದ್ದಾರೆ. ತಂದೆಯ ಹೆಸರು, ವಯಸ್ಸು, ಊರು ಮೂರೂ ಹೊಂದದೆ ಯಾರ ಹೆಸರಿಗೂ ಪ್ರಕರಣ ಅಂಟಿಸಬಾರದು. ಬಂಟ್ವಾಳ, ಪುತ್ತೂರು, ಕಾರ್ಕಳ, ಕುಂದಾಪುರದಂತೆ ಬೇರೆ ಬೇರೆ ಕಡೆ ಕೋರ್ಟುಗಳಿವೆ. ಕಾಸರಗೋಡಿನಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಬರುವವರ ಪ್ರಕರಣ ಕೇರಳದ ಕೋರ್ಟಿನಲ್ಲಿ ಇರುತ್ತದೆ. ಮಕ್ಕಳು ಮತ್ತು ಲೈಂಗಿಕ ಅಪರಾಧಕ್ಕೆ ಸಂಬಂಧಿಸಿದ ಪ್ರಕರಣಗಳ ವಿವರ ಜಾಲತಾಣದಲ್ಲಿ ಸಿಗದೆ ಹೋಗುವುದುಂಟು.

ತೀರ್ಪು ಆಗಿದ್ದರೆ ಅದರ ಪ್ರತಿಯನ್ನೇ ಓದಿ. ಎಫ್‌ಐಆರ್‌ನಲ್ಲಿ ‘ಕೊಲೆ ಯತ್ನ’ ಎಂದು ಇದ್ದದ್ದು ತೀರ್ಪಿನಲ್ಲಿ ಸಾಮಾನ್ಯ ಹಲ್ಲೆಯಾಗಿ, ದಂಡದಲ್ಲಿ ಮುಗಿದಿರಬಹುದು. ಕೊನೆಯ ಎರಡು ಪುಟಗಳ ಆದೇಶ ಭಾಗದಲ್ಲಿ ಯಾವ ಸೆಕ್ಷನ್ ಸಾಬೀತಾಯಿತು, ಯಾವುದರಲ್ಲಿ ಖುಲಾಸೆ, ಎಷ್ಟು ಶಿಕ್ಷೆ ಎಂಬುದು ಸ್ಪಷ್ಟವಾಗಿರುತ್ತದೆ. 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳು, ಹಿಂದಿನದಕ್ಕೆ ಐಪಿಸಿಯವು. ಹಳೆಯ 302 ಎಂದರೆ ಕೊಲೆ, ಹೊಸ ಸಂಹಿತೆಯಲ್ಲಿ ಕೊಲೆಗೆ 103. ಸಂಖ್ಯೆ ನೋಡಿ ಹೆದರುವ ಮೊದಲು ಯಾವ ಕಾನೂನಿನದ್ದು ಎಂದು ನೋಡಬೇಕು.

ಹದಿನೆಂಟು ತುಂಬುವ ಮೊದಲಿನ ಪ್ರಕರಣವನ್ನು ಕೇಳಲೇಬೇಡಿ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಅಂಥ ತೀರ್ಮಾನದಿಂದ ಯಾವ ಅನರ್ಹತೆಯೂ ಬರಬಾರದೆನ್ನುತ್ತದೆ, ಹದಿನಾರು ದಾಟಿದವರ ಘೋರ ಅಪರಾಧಕ್ಕೆ ಮಾತ್ರ ವಿನಾಯಿತಿ ಇದೆ. ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸಬಾರದೆಂದು 74ನೇ ಸೆಕ್ಷನ್ ಹೇಳುತ್ತದೆ.

ಎಷ್ಟು ಹಳೆಯದನ್ನು ಲೆಕ್ಕಕ್ಕೆ ಹಿಡಿಯಬೇಕು? ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದು, ಇಷ್ಟು ವರ್ಷ ಕಳೆದ ಮೇಲೆ ಹಲವು ಶಿಕ್ಷೆಗಳನ್ನು ಹೇಳಬೇಕಾಗಿಲ್ಲ ಎಂದು ಬಿಡುತ್ತದೆ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ, ಆದ್ದರಿಂದ ಸಂಸ್ಥೆಯೇ ಗೆರೆ ಎಳೆಯಬೇಕಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 1980ರಲ್ಲಿ ಮೊದಲ ಬಾರಿ ಬಂಧಿತರಾದವರ ಮುಂದಿನ ವರ್ಷಗಳನ್ನು ಹಿಂಬಾಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆರವಿಗೆ ಬರುತ್ತದೆ. 18ರ ಹರೆಯದಲ್ಲಿ ಮನೆಗಳ್ಳತನಕ್ಕೆ ಸಿಕ್ಕಿದವರು 3.8 ವರ್ಷ, ತೀವ್ರ ಹಲ್ಲೆಗೆ ಸಿಕ್ಕಿದವರು 4.3 ವರ್ಷ, ದರೋಡೆಗೆ ಸಿಕ್ಕಿದವರು 7.7 ವರ್ಷ ಮತ್ತೆ ಸಿಕ್ಕಿಬೀಳದೆ ಇದ್ದರೆ, ಅವರು ಪುನಃ ಬಂಧನವಾಗುವ ಸಂಭವ ಅದೇ ವಯಸ್ಸಿನ ಉಳಿದವರಷ್ಟಕ್ಕೆ ಇಳಿಯುತ್ತದೆ ಎಂಬುದು ಅದರ ಲೆಕ್ಕ. ಅದು ಬೇರೆ ದೇಶದ ಅಂಕಿ, ಇಲ್ಲಿಗೆ ಹಾಗೇ ಹಚ್ಚಲಾಗದು. ಆದರೂ ಹತ್ತು ಹದಿನೈದು ವರ್ಷ ಹಳೆಯ ಪ್ರಕರಣವನ್ನು ನಿನ್ನೆಯದೆಂಬಂತೆ ನೋಡುವ ನಮ್ಮ ಅಭ್ಯಾಸ ತಪ್ಪೆಂದು ತೋರಿಸಲು ಅಷ್ಟು ಸಾಕು. ಸಾಮಾನ್ಯ ಕೆಲಸಕ್ಕೆ ಐದು ವರ್ಷದ ಗೆರೆ ನ್ಯಾಯವೆಂದು ನಮಗೆ ತೋರುತ್ತದೆ. ಮಕ್ಕಳ ಮೇಲಿನ ಅಪರಾಧಕ್ಕೆ, ಮಕ್ಕಳ ನಡುವಿನ ಹುದ್ದೆಯ ಮಟ್ಟಿಗೆ, ಯಾವ ಕಾಲಮಿತಿಯೂ ಬೇಡ.

ಯಾವಾಗ ಕೇಳುವುದು, ಹೇಗೆ ಕೇಳುವುದು

ಅರ್ಜಿ ಫಾರ್ಮಿನಲ್ಲಿ “ನಿಮ್ಮ ಮೇಲೆ ಯಾವುದಾದರೂ ಕೇಸು ಇದೆಯೇ?” ಎಂಬ ಪ್ರಶ್ನೆ ಇದ್ದರೆ ತೆಗೆದುಬಿಡಿ. ಅದಕ್ಕೆ ಸತ್ಯ ಬರೆದವರು ಮೊದಲ ಸುತ್ತಿನಲ್ಲೇ ಹೊರಬೀಳುತ್ತಾರೆ, ಸುಳ್ಳು ಬರೆದವರು ಒಳಗೆ ಬರುತ್ತಾರೆ. ಕೆಲಸದ ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು “ಇವರು ಬೇಕು” ಎಂದು ತೀರ್ಮಾನವಾದ ಮೇಲೆ, ಹುದ್ದೆಗೆ ಹೊಂದುವ ಪ್ರಶ್ನೆಯನ್ನು ಬರಹದಲ್ಲಿ ಕೇಳಬೇಕು. ಹಣ ಮುಟ್ಟುವ ಕೆಲಸಕ್ಕೆ ಹೀಗೆ ಕೇಳಬಹುದು: “ಕಳೆದ ಐದು ವರ್ಷಗಳಲ್ಲಿ ಕಳ್ಳತನ, ವಂಚನೆ, ಸುಲಿಗೆಯ ಪ್ರಕರಣದಲ್ಲಿ ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿದೆಯೇ? ಅಂಥ ಪ್ರಕರಣ ಈಗ ವಿಚಾರಣೆಯಲ್ಲಿದೆಯೇ? ಖುಲಾಸೆಯಾದ, ರದ್ದಾದ, 18 ವರ್ಷಕ್ಕೆ ಮೊದಲಿನ ಪ್ರಕರಣಗಳನ್ನು ಬರೆಯಬೇಕಾಗಿಲ್ಲ. ಹೌದು ಎಂದು ಬರೆದ ಮಾತ್ರಕ್ಕೆ ಕೆಲಸ ತಪ್ಪುವುದಿಲ್ಲ.” ಕೊನೆಯ ವಾಕ್ಯ ಬರೆಯುವುದಾದರೆ ಅದರಂತೆ ನಡೆದುಕೊಳ್ಳಬೇಕು.

ಉತ್ತರ ‘ಹೌದು’ ಎಂದು ಬಂದರೆ ನಿಮ್ಮಲ್ಲಿ ಒಬ್ಬರೇ ಅವರ ಜೊತೆ ಕುಳಿತು, ಬಾಗಿಲು ಹಾಕಿದ ಕೋಣೆಯಲ್ಲಿ, ಅರ್ಧ ಗಂಟೆ ಮಾತಾಡಿ. ಸಮಿತಿಯ ಎದುರು ಬೇಡ. “ಕೇಸು ಈಗ ಎಲ್ಲಿಗೆ ಬಂತು? ಮುಂದಿನ ಡೇಟ್ ಯಾವಾಗ? ಠಾಣೆಗೆ ಸಹಿ ಹಾಕಲು ಹೋಗಬೇಕಾ? ಜಿಲ್ಲೆ ಬಿಟ್ಟು ಹೋಗಬಾರದೆಂಬ ಷರತ್ತು ಉಂಟಾ? ಆಗಿನ ನಿಮ್ಮ ಬದುಕಿಗೂ ಈಗಿನದಕ್ಕೂ ಏನು ಬದಲಾಗಿದೆ? ನಿಮಗೆ ಯಾರಿಂದಾದರೂ ಅಪಾಯ ಉಂಟಾ?” ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಡುತ್ತಾರೆ. ಹಳೆಯ ಗುಂಪಿನ ದ್ವೇಷ ಉಳಿದಿರುವ ಮನುಷ್ಯನನ್ನು ರಾತ್ರಿ ಪಾಳಿಗೆ ಹಾಕಿ, ಹನ್ನೊಂದು ಗಂಟೆಗೆ ಬೈಕಿನಲ್ಲಿ ಒಂಟಿಯಾಗಿ ಕಳುಹಿಸಬಾರದು.

ವಿಚಾರಣೆ ಬಾಕಿ ಇರುವ ಪ್ರಕರಣದಲ್ಲಿ “ನೀವು ಮಾಡಿದ್ದು ಹೌದಾ?” ಎಂದು ಮಾತ್ರ ಕೇಳಬೇಡಿ. ಪೊಲೀಸರಲ್ಲದವರ ಎದುರು ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ತರಲು ಅವಕಾಶವಿದೆ. ಸಂದರ್ಶನ ಮಾಡಿದವರೇ ಸಾಕ್ಷಿಯಾಗಿ ಸಮನ್ಸ್ ಪಡೆಯಬೇಕಾದೀತು. ಇನ್ನೊಂದು ವಿಷಯ ತಪ್ಪದೆ ನೋಡಬೇಕು: ಆ ಪ್ರಕರಣದ ದೂರುದಾರರೋ ಸಾಕ್ಷಿಗಳೋ ನಿಮ್ಮಲ್ಲೇ ಕೆಲಸಕ್ಕಿದ್ದಾರೆಯೇ? ಸಾಕ್ಷಿಗಳನ್ನು ಸಂಪರ್ಕಿಸಬಾರದೆಂಬ ಜಾಮೀನಿನ ಷರತ್ತು ಸಾಮಾನ್ಯ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಇದ್ದರೆ ಇವನ ಜಾಮೀನಿಗೇ ಕುತ್ತು ಬರುತ್ತದೆ, ಅವರಿಗೆ ಭಯ.

ಹೇಳದೆ ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ? ಸರಕಾರಿ ನೇಮಕಾತಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಕೊಟ್ಟ ತೀರ್ಪಿನ ತಿರುಳು ಖಾಸಗಿಯವರಿಗೂ ಒಳ್ಳೆಯ ದಾರಿದೀಪ. ಪ್ರಶ್ನೆ ಸ್ಪಷ್ಟವಾಗಿತ್ತೇ, ಮುಚ್ಚಿಟ್ಟದ್ದು ಚಿಕ್ಕ ವಯಸ್ಸಿನ ಸಣ್ಣ ಪ್ರಕರಣವೇ, ಹುದ್ದೆ ಯಾವುದು ಎಂದು ನೋಡಿ ತೀರ್ಮಾನಿಸಬೇಕು. ಕೇಳದೇ ಇದ್ದದ್ದನ್ನು ಹೇಳಲಿಲ್ಲವೆಂದು ಶಿಕ್ಷಿಸಬಾರದು.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದನ್ನು ಬಾಯಿಬಿಟ್ಟು ಹೇಳಲೇಬೇಕು. ಕೋಮು ಗಲಾಟೆಯ ಕೇಸು ಇದ್ದವನು ನಮ್ಮವನಾದರೆ ‘ಪಾಪ, ಸಿಕ್ಕಿಹಾಕಿಕೊಂಡ’, ಆಚೆಯವನಾದರೆ ‘ಅಪರಾಧಿ’ ಎಂಬ ಎರಡು ತಕ್ಕಡಿ ಇಲ್ಲಿ ನಡೆಯುತ್ತಿದೆ. ಎರಡೂ ಕಡೆಯ ಸಂಸ್ಥೆಗಳು ಹೀಗೆ ಮಾಡುತ್ತವೆ. ಮೊದಲೇ ಬರೆದಿಟ್ಟ ಆ ಹಾಳೆ, ಎಲ್ಲರಿಗೂ ಒಂದೇ ಪ್ರಶ್ನೆ, ತೀರ್ಮಾನಕ್ಕೆ ಎರಡು ಸಾಲಿನ ಲಿಖಿತ ಕಾರಣ ಇದ್ದರೆ ಈ ಎರಡನೇ ತಕ್ಕಡಿ ಬೇಗ ಬಯಲಾಗುತ್ತದೆ.

ಮೊದಲ ಮೂರು ತಿಂಗಳು

ಜೈಲಿನಿಂದ ಹೊರಬಂದವರು ಸೋಲುವುದು ಹೆಚ್ಚಾಗಿ ಕೆಲಸ ಬಾರದೆ ಅಲ್ಲ, ಕಾಗದ ಇಲ್ಲದೆ. ಮೊಬೈಲ್ ಪೊಲೀಸರ ವಶದಲ್ಲಿ ಇರುತ್ತದೆ, ತಿಂಗಳುಗಟ್ಟಲೆ ರೀಚಾರ್ಜ್ ಇಲ್ಲದೆ ಸಿಮ್ ರದ್ದಾಗಿರುತ್ತದೆ. ಆ ಸಂಖ್ಯೆಗೆ ಆಧಾರ್ ಜೋಡಣೆಯಾಗಿರುವುದರಿಂದ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಬ್ಯಾಂಕ್ ಖಾತೆ, ಪಿಎಫ್, ಇಎಸ್‌ಐ ಯಾವುದೂ ಮುಂದೆ ಹೋಗುವುದಿಲ್ಲ. ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ಸಂಖ್ಯೆ ಬದಲಾವಣೆ, ಅದರ ಮೇಲೆ ಬ್ಯಾಂಕಿನಲ್ಲಿ ಕೆವೈಸಿ, ಇದೇ ಕ್ರಮ. ಇದಕ್ಕೆ ಎರಡು ದಿನ ಸಂಬಳ ಸಹಿತ ರಜೆ ಕೊಡಿ. ಅಷ್ಟರವರೆಗೆ ಸಂಬಳವನ್ನು ರಶೀದಿ ಪಡೆದು ನಗದಾಗಿ ಕೊಡಬಹುದು. ಮೊದಲ ತಿಂಗಳು ವಾರಕ್ಕೊಮ್ಮೆ ಕೊಡುವುದು ಒಳ್ಳೆಯದು, ಕೈಯಲ್ಲಿ ಕಾಸಿಲ್ಲದೆ ಮೂವತ್ತು ದಿನ ಕಾಯುವುದು ಅವರಿಗೆ ಆಗದ ಮಾತು. ದೊಡ್ಡ ಮುಂಗಡ ಕೊಟ್ಟು “ತೀರುವವರೆಗೆ ಬಿಡುವಂತಿಲ್ಲ” ಎನ್ನುವುದು 1976ರ ಕಾಯ್ದೆ ನಿಷೇಧಿಸಿದ ಜೀತದ ಹತ್ತಿರ ಹೋಗುತ್ತದೆ. ಕೇಸು ಇದೆಯೆಂಬ ಕಾರಣಕ್ಕೆ ಉಳಿದವರಿಗಿಂತ ಕಡಿಮೆ ಸಂಬಳ ಕೊಡುವುದು ಉಪಕಾರವಲ್ಲ, ಸುಲಿಗೆ.

ಕೋರ್ಟ್ ಡೇಟನ್ನು ಪಾಳಿಯ ಪಟ್ಟಿಯಲ್ಲೇ ಬರೆದಿಡಿ. ಹೆಸರು ಕರೆಯುವ ಹೊತ್ತಿಗೆ ಇರಬೇಕಾದ್ದರಿಂದ ಅರ್ಧ ದಿನ ಎಂದುಕೊಂಡದ್ದು ಇಡೀ ದಿನವಾಗುತ್ತದೆ. ಹೋಗಲಾಗದಿದ್ದರೆ ವಕೀಲರು ಆ ದಿನದ ಹಾಜರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಬೇಕು. ಅದೂ ಆಗದಿದ್ದರೆ ಜಾಮೀನುರಹಿತ ವಾರಂಟ್ ಹೊರಟು, ಪೊಲೀಸರು ಕೆಲಸದ ಸ್ಥಳಕ್ಕೇ ಬರಬಹುದು. ಆಗ ಇಡೀ ಅಂಗಡಿಗೆ ವಿಷಯ ಗೊತ್ತಾಗುತ್ತದೆ, ಅವನು ಮರುದಿನ ಬರುವುದಿಲ್ಲ. ‘ಹೇಳದೆ ಕೇಳದೆ ಬಿಟ್ಟುಹೋದ’ ಎಂಬ ದೂರಿನ ಹಿಂದೆ ರಜೆ ಕೇಳಲು ಹೆದರಿ ತಪ್ಪಿಸಿದ ಒಂದು ಡೇಟ್ ಇರುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ, ಸಹಾಯವಾಣಿ 15100. ಗಾಂಜಾ, ಮಾತ್ರೆಯ ಚಟ ಹಿಂದೆ ಇದ್ದವರಿಗೆ ಚಟ ಬಿಡಿಸುವ ಸಹಾಯವಾಣಿ 14446 ಸಂಖ್ಯೆಯನ್ನು ಸೇರಿದ ದಿನವೇ ಕೊಟ್ಟಿಡಬೇಕು, ಚಟ ಮರುಕಳಿಸಿದ ಮೇಲೆ ಅಲ್ಲ.

ಮಲ್ಪೆ, ಮಂಗಳೂರು ದಕ್ಕೆಯ ಬೋಟುಗಳಲ್ಲಿ ಕೆಲಸ ಬೇಗ ಸಿಗುತ್ತದೆ, ಹಳೆಯದನ್ನು ಅಲ್ಲಿ ಹೆಚ್ಚು ಕೇಳುವುದಿಲ್ಲ. ಆದರೆ ಆಳಸಮುದ್ರಕ್ಕೆ ಹೋದ ಬೋಟು ವಾರಕ್ಕಿಂತ ಹೆಚ್ಚು ದಿನ ಹೊರಗಿರುತ್ತದೆ. ಪ್ರತಿ ಭಾನುವಾರ ಠಾಣೆಗೆ ಸಹಿ ಹಾಕಬೇಕಾದವರು ಅದಕ್ಕೆ ಹತ್ತಿದರೆ ಜಾಮೀನಿನ ಷರತ್ತು ಮುರಿದಂತೆ. ಅವರಿಗೆ ಐಸ್ ಪ್ಲಾಂಟ್, ಮೀನು ಲೋಡಿಂಗ್, ಬಲೆ ದುರಸ್ತಿ, ಅಂದೇ ದಡಕ್ಕೆ ವಾಪಸಾಗುವ ಬೋಟು ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳಿಗೆ ದಡದ ಕೆಲಸ ಮೊದಲೇ ಗೊತ್ತು ಮಾಡಿಡದಿದ್ದರೆ ಮಳೆಗಾಲದಲ್ಲಿ ಆ ಮನುಷ್ಯ ಹಳೆಯ ಜಾಗಕ್ಕೇ ಹೋಗಿ ನಿಲ್ಲುತ್ತಾನೆ.

ವಿಷಯ ಗೊತ್ತಿರಬೇಕಾದವರು ಇಬ್ಬರು: ತೀರ್ಮಾನ ತೆಗೆದುಕೊಂಡವರು, ಪಾಳಿ ಹಾಕುವವರು. ಉಳಿದ ಸಿಬ್ಬಂದಿಗೆ ‘ಎಚ್ಚರಿಕೆಗಾಗಿ’ ಹೇಳುವುದು ಬೇಡ. ನಮ್ಮ ಕ್ರಿಮಿನಲ್ ಮಾನಹಾನಿ ಕಾನೂನಿನಲ್ಲಿ ಹೇಳಿದ್ದು ಸತ್ಯ ಎಂಬುದಷ್ಟೇ ರಕ್ಷಣೆಯಲ್ಲ, ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕಾಗುತ್ತದೆ.

ಗಲ್ಲೆಯಲ್ಲಿ ಎರಡು ಸಾವಿರ ಕಡಿಮೆ ಬಂದ ದಿನ ನಿಜವಾದ ಪರೀಕ್ಷೆ. ಎಲ್ಲರ ಕಣ್ಣೂ ಒಬ್ಬನ ಮೇಲೆ ಹೋಗುತ್ತದೆ. ಅಂದು ಗಲ್ಲೆ ಮುಟ್ಟಿದ ಎಲ್ಲರನ್ನೂ ಒಂದೇ ರೀತಿ ಕೇಳಿ, ಬಿಲ್ಲು ತಾಳೆ ನೋಡಿ, ಕ್ಯಾಮೆರಾ ನೋಡಿ. ಅವನೊಬ್ಬನ ಚೀಲ ತಪಾಸಣೆ ಮಾಡಿದರೆ, ಹಣ ಲೆಕ್ಕದ ತಪ್ಪಿನಿಂದ ಕಡಿಮೆ ಬಂದದ್ದೆಂದು ಸಂಜೆ ಗೊತ್ತಾದರೂ ಪ್ರಯೋಜನವಿಲ್ಲ. ಚುನಾವಣೆ, ದೊಡ್ಡ ಹಬ್ಬ, ಗಲಾಟೆಯ ದಿನಗಳಲ್ಲಿ ರೌಡಿ ಶೀಟ್ ಇದ್ದವರನ್ನು ಠಾಣೆಗೆ ಕರೆಸುತ್ತಾರೆ. ಆ ಗೈರುಹಾಜರಿಯನ್ನು ಅಶಿಸ್ತು ಎಂದು ಬರೆಯಬೇಡಿ.

ಸಂಬಳವಿಲ್ಲದ ಸೇವೆ

ಸಂಬಳದ ಕೆಲಸಕ್ಕೆ ಅತಿಯಾಗಿ ಕೇಳುವ ನಾವು ಸ್ವಯಂಸೇವೆಗೆ ಏನನ್ನೂ ಕೇಳುವುದಿಲ್ಲ. ಬ್ರಹ್ಮಕಲಶೋತ್ಸವಕ್ಕೆ, ಉರೂಸಿಗೆ, ಚರ್ಚಿನ ವಾರ್ಷಿಕ ಹಬ್ಬಕ್ಕೆ, ಎರಡು ವರ್ಷಕ್ಕೊಮ್ಮೆ ಬರುವ ಉಡುಪಿ ಪರ್ಯಾಯಕ್ಕೆ ನೂರಾರು ಮಂದಿ ಬರುತ್ತಾರೆ. ಬಂದವರ ಕೈಗೆ ಬ್ಯಾಡ್ಜ್ ಕೊಟ್ಟುಬಿಡುತ್ತೇವೆ. ಪಾರ್ಕಿಂಗ್, ಊಟದ ಪಂಕ್ತಿ, ಚಪ್ಪರಕ್ಕೆ ಅದು ಸರಿ, ಅಲ್ಲಿ ಯಾವ ಪ್ರಶ್ನೆಯೂ ಬೇಡ. ಕಾಣಿಕೆ ಎಣಿಕೆಗೆ ಪ್ರಶ್ನೆಗಿಂತ ವ್ಯವಸ್ಥೆ ಹೆಚ್ಚು ಕೆಲಸ ಮಾಡುತ್ತದೆ: ಸಂಬಂಧಿಕರಲ್ಲದ ಇಬ್ಬರು ಒಟ್ಟಿಗೆ ಎಣಿಸುವುದು, ಸಂಖ್ಯೆ ಮುದ್ರಿಸಿದ ರಶೀದಿ ಪುಸ್ತಕ, ಅದೇ ರಾತ್ರಿ ಸಹಿ. ಮಕ್ಕಳ ಬೇಸಿಗೆ ಶಿಬಿರ, ಕಬಡ್ಡಿ ತರಬೇತಿ, ಯಕ್ಷಗಾನ ತರಗತಿಗೆ ಮಾತ್ರ ನಿಯಮ ಬಿಗಿಯಾಗಬೇಕು. ಪೋಕ್ಸೊ ನಿಯಮದ ಪದಗಳು ಸಿಬ್ಬಂದಿಯನ್ನು ಕುರಿತವು, ಆದರೆ ಮಗುವಿನ ಎದುರು ನಿಂತವರು ಸಂಬಳ ಪಡೆಯುತ್ತಾರೋ ಇಲ್ಲವೋ ಎಂಬುದು ಮಗುವಿಗೆ ವ್ಯತ್ಯಾಸ ಮಾಡುವುದಿಲ್ಲ. ಪೊಲೀಸ್ ಪರಿಶೀಲನೆ ಮಾಡಿಸಿ, ಸೇವಾಸಿಂಧು ಮೂಲಕ ಅರ್ಜಿ ಹಾಕಬಹುದು. ಪರಿಶೀಲನೆಯಲ್ಲಿ ಏನೂ ಬರದಿದ್ದರೂ ಯಾವ ವಯಸ್ಕರೂ ಒಬ್ಬ ಮಗುವಿನೊಂದಿಗೆ ಒಂಟಿಯಾಗಿ ಉಳಿಯದಂತೆ ವೇಳಾಪಟ್ಟಿ ಹಾಕಿ. ಸಿಕ್ಕಿಬೀಳದವರ ದಾಖಲೆ ಯಾವ ಠಾಣೆಯಲ್ಲೂ ಇರುವುದಿಲ್ಲ.

ಸೇವೆಯನ್ನು ‘ಮೊದಲು ಆರು ತಿಂಗಳು ಪುಕ್ಕಟೆ ಮಾಡಿ ತೋರಿಸು, ಆಮೇಲೆ ಸಂಬಳ ನೋಡೋಣ’ ಎಂಬ ಪರೀಕ್ಷೆಯಾಗಿ ಬಳಸಬಾರದು. ಮನೆಗೆ ಅಕ್ಕಿ ಬೇಕಾದವರ ಹತ್ತಿರ ಪುಕ್ಕಟೆ ದುಡಿಸುವುದು ಸರಿಯಲ್ಲ. ವಾರಕ್ಕೆ ಮೂರು ನಾಲ್ಕು ಗಂಟೆ, ಬಸ್ಸಿನ ಖರ್ಚು, ಒಂದು ಊಟ, ಜೊತೆಗೊಬ್ಬ ಅನುಭವಿ, ಇಷ್ಟಿದ್ದರೆ ಸೇವೆಯಿಂದ ಅವರಿಗೂ ಉಪಯೋಗವಾಗುತ್ತದೆ. ರಕ್ತದಾನ ಶಿಬಿರ, ನೆರೆಯ ಸಮಯದ ಕೆಲಸ, ಊಟ ಹಂಚುವುದು, ಇಲ್ಲೆಲ್ಲ ಹೊಸ ಗುರ್ತಗಳು ಸಿಗುತ್ತವೆ. ನಾಳೆ “ಇವರು ನನಗೆ ಗೊತ್ತು” ಎಂದು ಹೇಳಲು ಹಳೆಯ ಗೆಳೆಯರಲ್ಲದ ಒಬ್ಬರು ಬೇಕಾಗುತ್ತದೆ.

ವಾರ್ಷಿಕೋತ್ಸವದ ವೇದಿಕೆಗೆ ಕರೆದು, ಶಾಲು ಹೊದೆಸಿ, ‘ಬದಲಾದ ಮನುಷ್ಯ’ ಎಂದು ಸನ್ಮಾನ ಮಾಡುವ ಆಸೆ ಸಂಘಟಕರಿಗೆ ಬರುತ್ತದೆ. ದಯವಿಟ್ಟು ಮಾಡಬೇಡಿ. ಆ ಫೋಟೋ ಮೊದಲ ಫೋಟೋದ ಪಕ್ಕದಲ್ಲೇ ಅಂತರ್ಜಾಲದಲ್ಲಿ ಕೂರುತ್ತದೆ, ಅವರ ಮಗಳ ಶಾಲೆಯವರು ನೋಡುತ್ತಾರೆ. ಉಳಿದವರಿಗೆ ಕೊಟ್ಟಂತೆ ಒಂದು ಸೇವಾ ಪ್ರಮಾಣಪತ್ರ ಕೊಡಿ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಕೆಲಸ, ಎಷ್ಟು ಗಂಟೆ. ಸಂಬಳದ ಕೆಲಸ ಬಿಟ್ಟು ಹೋಗುವಾಗ ಕೊಡುವ ಅನುಭವ ಪತ್ರದಲ್ಲೂ ಕೇಸಿನ ಮಾತು ಬರಬಾರದು. ಫೈಲಿನಲ್ಲಿರುವ ತೀರ್ಪಿನ ಪ್ರತಿ, ಜಾಮೀನು ಆದೇಶ, ಅವರು ಬರೆದುಕೊಟ್ಟ ಉತ್ತರದ ಹಾಳೆಯನ್ನು ಅವರ ಕೈಗೇ ವಾಪಸು ಕೊಡಿ, ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಅವರ ಎದುರೇ ಅಳಿಸಿ.